ಅಗ್ರಿಮೆಂಟಿನ ಆ ಒಂದು ಪುಟ: ಫ್ರಾಂಚೈಸಿ ಅಂಗಡಿ ಮತ್ತು ಇನ್ಶೂರೆನ್ಸ್

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಚಹಾದ ಅಂಗಡಿಯಿಂದ ಮಾತು ಶುರು ಮಾಡುತ್ತೇನೆ. ನಾನು ಅಲ್ಲಿಗೆ ಹೋದದ್ದು ಆ ಅಂಗಡಿಗಾಗಿ ಅಲ್ಲ, ಅದರ ಪಕ್ಕದ ಮೆಡಿಕಲ್ ಶಾಪ್‌ಗೆ. ರಾತ್ರಿ ಶಾರ್ಟ್ ಸರ್ಕ್ಯೂಟ್ ಆಗಿ ಎರಡೂ ಅಂಗಡಿಗೆ ಬೆಂಕಿ ಹತ್ತಿತ್ತು. ಮೆಡಿಕಲ್‌ನವರು ಕ್ಲೇಮ್ ಹಾಕಿದ್ದರು, ನಷ್ಟ ಎಷ್ಟೆಂದು ಅಳೆಯುವ ಸರ್ವೇಯರ್ ಆಗಿ ವಿಮಾ ಕಂಪನಿಯವರು ನನ್ನನ್ನು ಕಳಿಸಿದ್ದರು. ನಾನು ಸುಟ್ಟ ರ‍್ಯಾಕ್ ಎಣಿಸುತ್ತಾ ನಿಂತಾಗ ಪಕ್ಕದ ಹುಡುಗ ಬಂದ. ಮೂವತ್ತರೊಳಗಿನ ವಯಸ್ಸು. ಅಪ್ಪನ ಹೊಲದ ಮೇಲೆ ಸಾಲ ತಗೊಂಡು ಒಂದು ದೊಡ್ಡ ಬ್ರ್ಯಾಂಡಿನ ಫ್ರಾಂಚೈಸಿ, ಅಂದರೆ ಅವರಿಗೆ ಹಣ ಕಟ್ಟಿ ಅವರ ಹೆಸರಿನಲ್ಲಿ ನಡೆಸುವ ಅಂಗಡಿ, ಹಾಕಿದ್ದ.

‘ಸರ, ನಮ್ದೂ ಬರ್ಕೋರಿ’ ಅಂದ.

‘ನಿನ್ನ ಪಾಲಿಸಿ ಯಾವ ಕಂಪನಿದಪಾ?’ ಅಂತ ಕೇಳಿದೆ.

‘ಕಂಪನಿಯವರು ಮಾಡ್ಸಿರ್ತಾರ್ರಿ. ಅಗ್ರಿಮೆಂಟ್‌ನ್ಯಾಗ ಇನ್ಶೂರೆನ್ಸ್ ಅಂತ ಬರದೈತಲ್ಲ.’

ಅಗ್ರಿಮೆಂಟ್ ಅವನ ಫೋನ್‌ನಲ್ಲೇ ಇತ್ತು. ಅಲ್ಲೇ ಫುಟ್‌ಪಾತ್ ಮೇಲೆ ನಿಂತು ಓದಿದೆ. ಇನ್ಶೂರೆನ್ಸ್ ಅಂತ ಬರೆದಿತ್ತು, ನಿಜ. ಆದರೆ ಬರೆದದ್ದು ಇದು: ಫ್ರಾಂಚೈಸಿ ತಗೊಂಡವರು ತಮ್ಮ ಸ್ವಂತ ಖರ್ಚಿನಲ್ಲಿ, ಅಂಗಡಿ ತೆರೆಯುವ ಮೊದಲೇ, ಇಂತಿಂಥ ಪಾಲಿಸಿ ಮಾಡಿಸಿ ನಮಗೆ ಪ್ರತಿ ಕಳಿಸಬೇಕು. ಅವನು ಮಾಡಿಸಿರಲಿಲ್ಲ. ಕಂಪನಿಯವರೂ ಪ್ರತಿ ಎಲ್ಲಿ ಎಂದು ಕೇಳಿರಲಿಲ್ಲ. ಪಕ್ಕದ ಮೆಡಿಕಲ್ ಶಾಪ್ ಮತ್ತೆ ತೆರೆಯಿತು. ಚಹಾದ ಅಂಗಡಿ ತೆರೆಯಲಿಲ್ಲ. ಆ ಹುಡುಗನ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ಫ್ರಾಂಚೈಸಿ ಅಂಗಡಿ ನಡೆಸುವ ನಿಮ್ಮನ್ನೆಲ್ಲ ಇವತ್ತು ಕರೆದಾಗ, ಬರುವಾಗ ಅಗ್ರಿಮೆಂಟಿನ ಇನ್ಶೂರೆನ್ಸ್ ಪುಟ ತನ್ನಿ ಎಂದು ಹೇಳಿ ಕಳಿಸಿದ್ದೆ.

ಇವತ್ತಿನ ಮಾತಿನಲ್ಲಿ ‘ಕಂಪನಿ’ ಅನ್ನುವ ಶಬ್ದವನ್ನು ನಾನು ಒಂಟಿಯಾಗಿ ಬಳಸುವುದಿಲ್ಲ. ಬ್ರ್ಯಾಂಡ್ ಕಂಪನಿ ಬೇರೆ, ವಿಮಾ ಕಂಪನಿ ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ನಮ್ಮ ದೇಶದಲ್ಲಿ ಫ್ರಾಂಚೈಸಿ ವ್ಯವಹಾರಕ್ಕೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯ ಮೇಲೆಯೇ ನಡೆಯುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಬ್ರ್ಯಾಂಡ್ ಕಂಪನಿ ಸಹಿ ಹಾಕಿಸುವ ಕನಿಷ್ಠ 14 ದಿನ ಮೊದಲು, 23 ಅಂಶಗಳ ಒಂದು ವಿವರದ ಪುಸ್ತಕ ಕೊಡಲೇಬೇಕು. ಯಾವ ಯಾವ ಇನ್ಶೂರೆನ್ಸ್ ಬೇಕು ಅನ್ನುವುದೂ ಅದರಲ್ಲಿ ಬರುತ್ತದೆ. ಓದಲು, ವಕೀಲರಿಗೆ ತೋರಿಸಲು ಟೈಮ್ ಸಿಗುತ್ತದೆ. ನಮ್ಮಲ್ಲಿ ಏನಾಗುತ್ತದೆ? ಬೆಂಗಳೂರಿಗೋ ಪುಣೆಗೋ ಕರೆಸುತ್ತಾರೆ, ಊಟ ಹಾಕಿಸುತ್ತಾರೆ, ನಲವತ್ತು ಪುಟದ ಇಂಗ್ಲಿಷ್ ಅಗ್ರಿಮೆಂಟ್ ಮುಂದಿಡುತ್ತಾರೆ. ಪ್ರತಿ ಪುಟಕ್ಕೂ ಸಹಿ ಮಾಡಿ ಬರುತ್ತೇವೆ. ಓದಬೇಕು ಅಂದರೆ ‘ಎಲ್ಲರೂ ಇದಕ್ಕೇ ಸಹಿ ಹಾಕಿದ್ದಾರೆ’ ಅಂತಾರೆ. ದಯವಿಟ್ಟು ಆ ಪ್ರತಿಯನ್ನು ಮನೆಗೆ ತನ್ನಿ. ನಾಲ್ಕು ದಿನ ತಡವಾದರೆ ಏನೂ ಹೋಗುವುದಿಲ್ಲ.

ಅಗ್ರಿಮೆಂಟಿನ ಆ ಇನ್ಶೂರೆನ್ಸ್ ಪುಟದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಬೆಂಕಿಯ ಪಾಲಿಸಿ ಇರಬೇಕು. ಗಿರಾಕಿಗೆ ಪೆಟ್ಟಾದರೆ ಪರಿಹಾರ ಕೊಡುವ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಇರಬೇಕು. ಆ ಪಾಲಿಸಿಯಲ್ಲಿ ಬ್ರ್ಯಾಂಡ್ ಕಂಪನಿಯ ಹೆಸರನ್ನೂ ಸೇರಿಸಬೇಕು. ಪಾಲಿಸಿ ರದ್ದಾದರೆ ಅವರಿಗೆ ತಿಳಿಸಬೇಕು. ಕೊನೆಗೆ, ನಿಮ್ಮ ಅಂಗಡಿಯಿಂದಾಗಿ ಬ್ರ್ಯಾಂಡ್ ಕಂಪನಿಗೆ ಯಾವುದೇ ನಷ್ಟವಾದರೂ ನೀವೇ ತುಂಬಿಕೊಡಬೇಕು.

ಇದನ್ನು ಇನ್ನೊಮ್ಮೆ ನಿಧಾನಕ್ಕೆ ಓದಿ ನೋಡಿ. ಇದೆಲ್ಲ ಯಾರನ್ನು ಕಾಯುತ್ತದೆ? ಬಹುಪಾಲು ಬ್ರ್ಯಾಂಡ್ ಕಂಪನಿಯನ್ನು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರ ಹೆಸರನ್ನು ನೀವು ಬೋರ್ಡ್ ಮೇಲೆ ಹಾಕಿಕೊಂಡಿದ್ದೀರಿ, ಅವರು ತಮ್ಮನ್ನು ಕಾಯ್ದುಕೊಳ್ಳುತ್ತಾರೆ. ಆದರೆ ನಿಮ್ಮ ಹೊಲದ ಮೇಲಿನ ಸಾಲ, ನಿಮ್ಮ ಕೆಲಸದ ಹುಡುಗ, ನಾಲ್ಕು ತಿಂಗಳು ಅಂಗಡಿ ಮುಚ್ಚಿದರೆ ಕಟ್ಟಬೇಕಾದ ಬಾಡಿಗೆ, ಇವು ಆ ಪುಟದಲ್ಲಿ ಇರುವುದಿಲ್ಲ. ಅವನ್ನು ನೀವೇ ಬರೆದುಕೊಳ್ಳಬೇಕು. ಇವತ್ತು ನಾನು ಹೇಳಬೇಕೆಂದು ಬಂದದ್ದು ಇದೊಂದೇ. ಮುಂದಿನದೆಲ್ಲ ಇದರ ವಿವರ.

ಬೆಂಕಿಯ ಪಾಲಿಸಿ ಮೊದಲು ನೋಡೋಣ. 2021ರ ಏಪ್ರಿಲ್ 1ರಿಂದ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಸಣ್ಣ ವ್ಯವಹಾರಗಳಿಗೆ ಒಂದೇ ಮಾದರಿಯ ಪಾಲಿಸಿ ತಂದಿದೆ. ಹೆಸರು ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಒಂದು ಜಾಗದಲ್ಲಿರುವ ನಿಮ್ಮ ಆಸ್ತಿಯ ಒಟ್ಟು ಬೆಲೆ 5 ಕೋಟಿಯವರೆಗೆ ಇದ್ದರೆ ಇದು. ಇಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಇದೇ ಅನ್ವಯ. ಹೆಸರಿಗೆ ಬೆಂಕಿ ಪಾಲಿಸಿ ಎಂದರೂ ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಗಲಭೆ ಎಲ್ಲ ಇದರಲ್ಲಿ ಬರುತ್ತದೆ. ಉಣಕಲ್ ನಾಲಾದ ಆಸುಪಾಸು ಅಂಗಡಿ ಇದ್ದವರಿಗೆ, ಬೇಸ್‌ಮೆಂಟ್‌ನಲ್ಲಿ ಸರಕು ಇಟ್ಟವರಿಗೆ ಮಳೆನೀರಿನ ಕಷ್ಟ ನಾನು ಹೇಳಬೇಕಾಗಿಲ್ಲ. ಗಲಭೆ ನಮ್ಮ ಕಡೆ ಎಲ್ಲಿ ಆಗುತ್ತದೆ ಅನ್ನಬೇಡಿ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ಬೆಲೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತಲ್ಲ. ಬೆಳಿಗ್ಗೆ ಮನೆಯಿಂದ ಹೊರಟಾಗ ಯಾರೂ ಅದನ್ನು ಎಣಿಸಿರಲಿಲ್ಲ.

ಇನ್ನೊಂದು ಮಾತು, ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಕೆಳಗಿನ ಅಂತಸ್ತಿನಲ್ಲಿ ಅಂಗಡಿಗಳು ಆಗಲೇ ನಡೆಯುತ್ತಿದ್ದವು. ಬೆಂಕಿಯ ಪಾಲಿಸಿ ಯಾವ ಯಾವ ಕಾರಣಕ್ಕೆ ಹಣ ಕೊಡುತ್ತದೆ ಅನ್ನುವುದಕ್ಕೆ ಒಂದು ಪಟ್ಟಿ ಇದೆ. ಕಟ್ಟಡ ತನ್ನ ದೌರ್ಬಲ್ಯದಿಂದ ತಾನೇ ಕುಸಿದರೆ, ಅದು ಆ ಪಟ್ಟಿಯಲ್ಲಿ ಇಲ್ಲ. ಫ್ರಾಂಚೈಸಿಯವರು ಹೊಸ ಕಾಂಪ್ಲೆಕ್ಸ್ ಹುಡುಕುವುದು ಜಾಸ್ತಿ. ಬ್ರ್ಯಾಂಡ್‌ನವರಿಗೆ ಗಾಜಿನ ಮುಖ, ಅಗಲ ರಸ್ತೆ ಬೇಕು. ಕಟ್ಟಡ ಪೂರ್ಣಗೊಂಡಿದೆ ಅನ್ನುವ ಪಾಲಿಕೆಯ ಪ್ರಮಾಣಪತ್ರ ಕೇಳಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ಯಾವ ಪಾಲಿಸಿಯೂ ಜೀವ ವಾಪಸ್ ತರುವುದಿಲ್ಲ.

ಈಗ ಮೊತ್ತದ ವಿಷಯ. ನಾನು ನೋಡಿದ ಕ್ಲೇಮ್‌ಗಳಲ್ಲಿ ಜನ ಅತ್ತದ್ದು ಹೆಚ್ಚಾಗಿ ಇಲ್ಲಿಯೇ. ಪಾಲಿಸಿ ಇರುತ್ತದೆ, ಆದರೆ ಕಡಿಮೆ ಮೊತ್ತಕ್ಕೆ. ಪ್ರೀಮಿಯಂ ಉಳಿಸಲು ಹಾಗೆ ಮಾಡಿರುತ್ತಾರೆ. ಲೆಕ್ಕ ಹೀಗೆ. ಅಂಗಡಿಯೊಳಗಿನ ಬೆಲೆ 40 ಲಕ್ಷ. ನೀವು ವಿಮೆ ಮಾಡಿಸಿದ್ದು 20 ಲಕ್ಷಕ್ಕೆ. ಬೆಂಕಿಯಲ್ಲಿ 12 ಲಕ್ಷದ ಮಾಲು ಹೋಯಿತು. ‘ಇಪ್ಪತ್ತು ಲಕ್ಷದ ಪಾಲಿಸಿ ಐತಿ, ಹನ್ನೆರಡು ಲಕ್ಷ ಪೂರ್ತಿ ಬರ್ತೈತಿ’ ಅಂತ ನೀವು ತಿಳಿದಿರುತ್ತೀರಿ. ಬರುವುದಿಲ್ಲ. ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅರ್ಧವೇ. 6 ಲಕ್ಷ. ಉಳಿದ 6 ಲಕ್ಷ ನಿಮ್ಮ ತಲೆಯ ಮೇಲೆ. ನಾನು ಹೇಳಿದ ಹೊಸ ಪಾಲಿಸಿಯಲ್ಲಿ ನೂರಕ್ಕೆ 15ರಷ್ಟು ಕಡಿಮೆ ಇದ್ದರೆ ಬಿಟ್ಟುಬಿಡುತ್ತಾರೆ. ಅದಕ್ಕಿಂತ ಜಾಸ್ತಿ ಕಡಿಮೆ ಇದ್ದರೆ ಈ ಕತ್ತರಿ ಬಿದ್ದೇ ಬೀಳುತ್ತದೆ.

ಫ್ರಾಂಚೈಸಿ ಅಂಗಡಿಯಲ್ಲಿ ಈ ತಪ್ಪು ಆಗುವುದಕ್ಕೆ ಒಂದು ವಿಶೇಷ ಕಾರಣ ಇದೆ. ನಮ್ಮ ದಾಜೀಬಾನ್ ಪೇಟೆಯ ಹಳೆ ಅಂಗಡಿಗಳಲ್ಲಿ ಬೆಲೆ ಇರುವುದು ಸರಕಿನಲ್ಲಿ. ನಾಲ್ಕು ಮರದ ಕಪಾಟು, ಒಂದು ಗಾದಿ, ಮುಗಿಯಿತು. ಫ್ರಾಂಚೈಸಿ ಅಂಗಡಿಯಲ್ಲಿ ತಿರುಗಾಮುರುಗಾ. ಸರಕು 4 ಲಕ್ಷದ್ದು, ಇಂಟೀರಿಯರ್ 25 ಲಕ್ಷದ್ದು. ಅವರು ಹೇಳಿದ ಟೈಲ್ಸ್, ಅವರು ಹೇಳಿದ ಲೈಟು, ಅವರು ಕಳಿಸಿದ ಓವನ್, ಹೊಳೆಯುವ ಬೋರ್ಡು. ಏಜೆಂಟ್ ಬಂದು ‘ಸ್ಟಾಕ್ ಎಷ್ಟೈತ್ರಿ?’ ಅಂತ ಕೇಳುತ್ತಾನೆ, ನೀವು ಸ್ಟಾಕ್ ಅಷ್ಟೇ ಹೇಳುತ್ತೀರಿ. ಬಾಡಿಗೆ ಕಟ್ಟಡವಾದರೂ ಒಳಗೆ ನೀವು ಮಾಡಿಸಿದ ಕೆಲಸ ನಿಮ್ಮದೇ. ಫರ್ನಿಚರ್, ಫಿಟ್ಟಿಂಗ್, ವೈರಿಂಗ್, ಮಶೀನು, ಬೋರ್ಡು ಎಲ್ಲಕ್ಕೂ ಬೇರೆ ಬೇರೆ ಸಾಲು ಬರೆಸಿ. ಅದಕ್ಕೆ ಇವತ್ತು ಹೊಸದಾಗಿ ಮಾಡಿಸಿದರೆ ಆಗುವ ಬೆಲೆ ಹಾಕಿಸಿ. ಸರಕಿಗೆ ಮಾತ್ರ ನಿಮಗೆ ಬಿದ್ದ ಬೆಲೆ. ಮಾರಿದರೆ ಬರುತ್ತಿದ್ದ ಲಾಭ ಅದರಲ್ಲಿ ಸೇರುವುದಿಲ್ಲ. ಹಾಗೇ ಬ್ರ್ಯಾಂಡ್ ಕಂಪನಿಗೆ ನೀವು ಕಟ್ಟಿದ ಫ್ರಾಂಚೈಸಿ ಫೀ ಕೂಡ ಈ ಪಾಲಿಸಿಯಲ್ಲಿ ಬರುವುದಿಲ್ಲ. ಅದು ಹೆಸರಿಗೆ ಕೊಟ್ಟ ಹಣ, ಸುಡುವ ವಸ್ತುವಲ್ಲ.

ಮಶೀನು ಕೆಲವು ಸಲ ಬ್ರ್ಯಾಂಡ್ ಕಂಪನಿಯದೇ ಇರುತ್ತದೆ, ಬಳಸಲು ಕೊಟ್ಟಿರುತ್ತಾರೆ. ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರ್ ನೋಡಿ. ಸುಟ್ಟರೆ ಯಾರಿಗೆ ಯಾರು ಕೊಡಬೇಕು? ಇದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಕೊರಿಯರ್ ಫ್ರಾಂಚೈಸಿಯವರಿಗೆ ಇದು ಇನ್ನೂ ದೊಡ್ಡ ಪ್ರಶ್ನೆ. ಗದಗಿನಲ್ಲಿ ಒಬ್ಬರ ಕೊರಿಯರ್ ಅಂಗಡಿಗೆ ನೀರು ನುಗ್ಗಿತ್ತು. ಕಂಪ್ಯೂಟರ್, ಮೇಜು, ತಕ್ಕಡಿಗೆ ಪಾಲಿಸಿ ಇತ್ತು. ಒದ್ದೆಯಾದದ್ದು ಊರವರ ಪಾರ್ಸೆಲ್. ಅವು ಅವರ ಸ್ವಂತ ಸರಕಲ್ಲ, ನಂಬಿ ಇಟ್ಟದ್ದು. ಹಾಗೆ ನಂಬಿ ಇಟ್ಟ ಸರಕನ್ನು ಪಾಲಿಸಿಯಲ್ಲಿ ಹೇಳಿ ಬರೆಸಿರಲಿಲ್ಲ. ಒಂದು ಸಾಲಿನ ಕೊರತೆಗೆ ಆ ಮನುಷ್ಯ ತಿಂಗಳುಗಟ್ಟಲೆ ಜನರ ಮನೆ ಬಾಗಿಲಿಗೆ ಹೋಗಿ ಕೈಮುಗಿದರು.

ದಸರಾ, ದೀಪಾವಳಿ ಹೊತ್ತಿಗೆ ಬಟ್ಟೆಯ, ಚಪ್ಪಲಿಯ, ಮೊಬೈಲಿನ ಅಂಗಡಿಯವರ ಸ್ಟಾಕ್ ಎರಡು ಪಟ್ಟು ಆಗುತ್ತದೆ. ಪಾಲಿಸಿ ಮಾತ್ರ ಜೂನ್ ತಿಂಗಳ ಸ್ಟಾಕಿನದೇ. ಹಬ್ಬಕ್ಕೆ ಮೊದಲು ಒಂದು ಪತ್ರ ಕೊಟ್ಟು ಮೊತ್ತ ಏರಿಸಿಕೊಳ್ಳಿ. ಏರಿಸಿದ ಮೊತ್ತದ ಪ್ರೀಮಿಯಂ ಅದೇ ದಿನ ಕಟ್ಟಿ. ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಗೆ ಬರುವ ಮೊದಲು ವಿಮಾ ಕಂಪನಿ ಹೊಣೆ ಹೊರುವಂತಿಲ್ಲ. ‘ನಾಳೆ ಕೊಡ್ತೀನಿ, ಬರ್ಕೋರಿ’ ಅನ್ನುವುದು ಕಿರಾಣಿ ಅಂಗಡಿಯಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ಅಂಗಡಿ ಸುಟ್ಟಿತು, ವಿಮಾ ಕಂಪನಿ ಇಂಟೀರಿಯರ್ ಹಣ ಕೊಟ್ಟಿತು ಅಂದುಕೊಳ್ಳೋಣ. ಮತ್ತೆ ತೆರೆಯಲು ಎಷ್ಟು ದಿನ ಬೇಕು? ಸ್ವಂತ ಅಂಗಡಿಯಾದರೆ ಬಡಿಗೇರ ಕಾಕಾನನ್ನು ಕರೆಸಿ ಮರುದಿನವೇ ಕೆಲಸ ಹಚ್ಚುತ್ತೀರಿ. ಫ್ರಾಂಚೈಸಿಯಾದರೆ ಅವರ ಆರ್ಕಿಟೆಕ್ಟ್ ಬರಬೇಕು, ನಕ್ಷೆ ಪಾಸ್ ಆಗಬೇಕು, ಅವರು ಗೊತ್ತು ಮಾಡಿದವರಿಂದಲೇ ಸಾಮಾನು ಬರಬೇಕು, ಕೊನೆಗೆ ಅವರ ಆಡಿಟ್ ಆಗಬೇಕು. ಎರಡು ತಿಂಗಳ ಕೆಲಸ ನಾಲ್ಕು ತಿಂಗಳಾಗುತ್ತದೆ. ಆ ನಾಲ್ಕು ತಿಂಗಳು ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿ ಬೀಳುವುದಿಲ್ಲ. ಖರ್ಚು ನಿಲ್ಲುವುದಿಲ್ಲ. ಬಾಡಿಗೆ 60,000, ಐದಾರು ಜನರ ಪಗಾರ 1,10,000, ಸಾಲದ ಬಡ್ಡಿ 25,000 ಅಂತ ಹಿಡಿಯಿರಿ. ತಿಂಗಳಿಗೆ 1,95,000. ನಾಲ್ಕು ತಿಂಗಳಿಗೆ 7,80,000. ಮನೆ ಖರ್ಚು ಇದರಲ್ಲಿ ಸೇರಿಲ್ಲ.

ಇದಕ್ಕೆ ಲಾಸ್ ಆಫ್ ಪ್ರಾಫಿಟ್ ಅನ್ನುವ ಪಾಲಿಸಿ ಇದೆ. ಬೆಂಕಿಯ ಪಾಲಿಸಿಯ ಜೊತೆಗೇ ತಗೊಳ್ಳಬೇಕು. ಅಂಗಡಿ ಮುಚ್ಚಿದ ಅವಧಿಯಲ್ಲಿ ಬರಬೇಕಿದ್ದ ಲಾಭ ಮತ್ತು ತಪ್ಪದೆ ಕಟ್ಟಬೇಕಾದ ಖರ್ಚನ್ನು ಅದು ತುಂಬಿಕೊಡುತ್ತದೆ. ಎಷ್ಟು ತಿಂಗಳಿಗೆ ಬೇಕು ಅನ್ನುವುದನ್ನು ನೀವೇ ಆರಿಸಬೇಕು. ಮೂರು ತಿಂಗಳಿಗೆ ತಗೊಂಡು ನಾಲ್ಕನೇ ತಿಂಗಳು ಅಂಗಡಿ ತೆರೆಯದಿದ್ದರೆ ಕಷ್ಟ. ಫ್ರಾಂಚೈಸಿಯವರು ಆರು ತಿಂಗಳಿಗೆ ಕಡಿಮೆ ಇಲ್ಲದಂತೆ ತಗೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಒಂದು ಮಾತು ನೆನಪಿಡಿ. ಗಿರಾಕಿ ಕಡಿಮೆಯಾದರು ಅಂತ, ರಸ್ತೆ ಅಗೆದರು ಅಂತ ಇದರಲ್ಲಿ ಹಣ ಬರುವುದಿಲ್ಲ. ಪಾಲಿಸಿಯಲ್ಲಿ ಹೇಳಿದ ಬೆಂಕಿ, ಪ್ರವಾಹದಂಥ ಕಾರಣದಿಂದ ಆಸ್ತಿಗೆ ನಷ್ಟವಾಗಿ ವ್ಯಾಪಾರ ನಿಂತಿರಬೇಕು.

ಅಗ್ರಿಮೆಂಟಿನಲ್ಲಿ ಇದರ ಜೊತೆ ಇನ್ನೆರಡು ಸಾಲು ಹುಡುಕಿ. ಅಂಗಡಿ ಮುಚ್ಚಿದ್ದಾಗಲೂ ಕನಿಷ್ಠ ರಾಯಲ್ಟಿ, ಅಂದರೆ ಬ್ರ್ಯಾಂಡ್ ಹೆಸರು ಬಳಸಲು ಕೊಡುವ ಹಣ, ಕಟ್ಟಬೇಕಾ? ಇಷ್ಟು ದಿನದೊಳಗೆ ತೆರೆಯದಿದ್ದರೆ ಫ್ರಾಂಚೈಸಿ ರದ್ದು ಅಂತ ಇದೆಯಾ? ಇದ್ದರೆ ಸಹಿಗೆ ಮೊದಲೇ ಕೇಳಿ. ‘ಬೆಂಕಿ, ಪ್ರವಾಹದಿಂದ ಮುಚ್ಚಿದರೆ ಆ ದಿನಗಳನ್ನು ಬಿಡಬೇಕು’ ಅಂತ ಒಂದು ಸಾಲು ಸೇರಿಸಿಕೊಳ್ಳಿ. ಕೇಳಿದವರಿಗೆ ಸೇರಿಸಿಕೊಟ್ಟದ್ದನ್ನು ನಾನು ನೋಡಿದ್ದೇನೆ.

ಕಟ್ಟಡದ ಮಾಲೀಕರ ಬಗ್ಗೆಯೂ ಹೇಳಬೇಕು. ‘ಮಾಲಕರು ಬಿಲ್ಡಿಂಗ್‌ಗೆ ಇನ್ಶೂರೆನ್ಸ್ ಮಾಡ್ಸ್ಯಾರ್ರಿ, ನಮಗೂ ಬರ್ತೈತಿ’ ಅನ್ನುವವರಿದ್ದಾರೆ. ಅವರ ಪಾಲಿಸಿ ಅವರ ಗೋಡೆಗೆ. ನಿಮ್ಮ ಸರಕಿಗಲ್ಲ. ಅಷ್ಟೇ ಅಲ್ಲ, ನಿಮ್ಮ ಅಡುಗೆಮನೆಯ ಅಜಾಗರೂಕತೆಯಿಂದ ಬೆಂಕಿ ಬಿದ್ದಿದ್ದರೆ, ಅವರ ವಿಮಾ ಕಂಪನಿ ಅವರಿಗೆ ಹಣ ಕೊಟ್ಟು ಆಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಬಾಡಿಗೆ ಕರಾರು ಬರೆಯುವಾಗ ‘ಒಬ್ಬರ ಮೇಲೊಬ್ಬರು ಹೀಗೆ ವಸೂಲಿಗೆ ಬರುವುದಿಲ್ಲ’ ಅನ್ನುವ ಮಾತನ್ನು ಇಬ್ಬರೂ ಒಪ್ಪಿ, ವಿಮಾ ಕಂಪನಿಗೂ ತಿಳಿಸಿಬಿಟ್ಟರೆ ಒಳ್ಳೆಯದು.

ಕಳ್ಳತನದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬರ್ಗ್ಲರಿ ಪಾಲಿಸಿ ಅಂದರೆ ಬೀಗ ಒಡೆದು, ಶಟರ್ ಎತ್ತಿ, ಬಲ ಬಳಸಿ ಒಳಗೆ ಬಂದಿರಬೇಕು. ಬಲಪ್ರಯೋಗದ ಗುರುತು ಇಲ್ಲದಿದ್ದರೆ ವಿಮಾ ಕಂಪನಿ ಕೊಡಬೇಕಾಗಿಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟೇ ಒಂದು ಪ್ರಕರಣದಲ್ಲಿ ಹೇಳಿದೆ. ಹಗಲು ಹೊತ್ತು ಗಿರಾಕಿಯಂತೆ ಬಂದವನು ಮೊಬೈಲ್ ಎತ್ತಿಕೊಂಡು ಹೋದರೆ ಅದು ಬೇರೆ. ಕ್ಯಾಶ್ ಕೌಂಟರಿನ ಹುಡುಗನೇ ದಿನಾ ಸ್ವಲ್ಪ ಸ್ವಲ್ಪ ತೆಗೆದರೆ ಅದು ಇನ್ನೂ ಬೇರೆ. ಅದಕ್ಕೆ ಫಿಡೆಲಿಟಿ ಗ್ಯಾರಂಟಿ ಅನ್ನುವ ಪಾಲಿಸಿ. ಬ್ಯಾಂಕಿಗೆ ಒಯ್ಯುವ ಹಣಕ್ಕೆ ಮನಿ ಇನ್ಶೂರೆನ್ಸ್. ಇವೆಲ್ಲ ಶಾಪ್‌ಕೀಪರ್ ಪ್ಯಾಕೇಜಿನಲ್ಲಿ ಒಟ್ಟಿಗೇ ಸಿಗುತ್ತವೆ. ಗಾಜು, ಬೋರ್ಡು ಸಹ. ಪ್ಯಾಕೇಜ್ ತಗೊಂಡರೆ ಯಾವ ಯಾವ ಭಾಗಕ್ಕೆ ಟಿಕ್ ಹಾಕಿದ್ದಾರೆ ನೋಡಿಕೊಳ್ಳಿ. ಪ್ಯಾಕೇಜ್ ಅಂದಮಾತ್ರಕ್ಕೆ ಎಲ್ಲ ಇರುತ್ತದೆ ಅಂತ ಅಲ್ಲ.

ಈಗ ಗಿರಾಕಿಯ ಕಡೆ ಬರೋಣ. ಬ್ರ್ಯಾಂಡ್ ಕಂಪನಿಗೆ ಇದೇ ಮುಖ್ಯ. ಸಪ್ತಾಪುರದ ಕೋಚಿಂಗ್ ಸೆಂಟರಿನಲ್ಲಿ ಒದ್ದೆ ಮೆಟ್ಟಿಲ ಮೇಲೆ ಹುಡುಗಿ ಜಾರಿ ಬಿದ್ದು ಕಾಲು ಮುರಿದರೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಮಾರಿದ ತಿಂಡಿ ತಿಂದು ಆಸ್ಪತ್ರೆ ಸೇರಿದರೆ ಪ್ರಾಡಕ್ಟ್ ಲಯಬಿಲಿಟಿ. ಎರಡೂ ಬೇರೆ. ತಿನಿಸಿನ ಫ್ರಾಂಚೈಸಿಯವರಿಗೆ ಎರಡೂ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಮು ನೋಡಿ. ಆಹಾರದಿಂದ ಜೀವ ಹೋದರೆ ಕನಿಷ್ಠ 5 ಲಕ್ಷ, ಗಂಭೀರ ಹಾನಿಯಾದರೆ 3 ಲಕ್ಷದವರೆಗೆ, ಉಳಿದದ್ದಕ್ಕೆ 1 ಲಕ್ಷದವರೆಗೆ ಪರಿಹಾರ. ಮಾಡಿದವರ ಮೇಲೂ ಬರುತ್ತದೆ, ಮಾರಿದವರ ಮೇಲೂ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಕೆಟ್ಟ ಸರಕಿಗೆ ತಯಾರಿಸಿದವರು, ಮಾರಿದವರು ಇಬ್ಬರನ್ನೂ ಹೊಣೆ ಮಾಡಲು ದಾರಿ ಇದೆ. ‘ಪ್ಯಾಕೆಟ್ ಬೆಂಗಳೂರಿಂದ ಬಂದದ್ದು, ನನ್ನದೇನಿಲ್ಲ’ ಅಂದರೆ ಸಾಲುವುದಿಲ್ಲ.

ಈ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಭೋಪಾಲ್ ದುರಂತದ ನಂತರ 1991ರಲ್ಲಿ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ ಬಂತು. ಅದು ಅಪಾಯಕಾರಿ ರಾಸಾಯನಿಕ, ಅನಿಲ ಇಟ್ಟುಕೊಳ್ಳುವವರಿಗೆ ಕಡ್ಡಾಯ. ಆ ಕಾಯ್ದೆಯ ಪಾಲಿಸಿಯೇ ಬೇರೆ, ಅಂಗಡಿಗೆ ಬೇಕಾದ ಪಬ್ಲಿಕ್ ಲಯಬಿಲಿಟಿ ಪಾಲಿಸಿಯೇ ಬೇರೆ. ಹೆಸರು ಒಂದೇ ತರಹ ಇರುವುದರಿಂದ ತಪ್ಪಾದದ್ದು ಕೈಗೆ ಬರುತ್ತದೆ. ಪಾಲಿಸಿಯ ತಲೆಬರಹ ಓದಿ ತಗೊಳ್ಳಿ.

ಬ್ರ್ಯಾಂಡ್ ಕಂಪನಿಯ ಹೆಸರನ್ನು ಪಾಲಿಸಿಯಲ್ಲಿ ಸೇರಿಸಿ ಅಂತ ಅಗ್ರಿಮೆಂಟ್ ಕೇಳುತ್ತದೆ ಅಂದೆನಲ್ಲ. ಲಯಬಿಲಿಟಿ ಪಾಲಿಸಿಯಲ್ಲಿ ಸೇರಿಸಿ, ಅದು ನ್ಯಾಯ. ಗಿರಾಕಿ ಕೋರ್ಟಿಗೆ ಹೋದರೆ ಇಬ್ಬರ ಹೆಸರೂ ಹಾಕುತ್ತಾನೆ. ಆದರೆ ಕೆಲವರು ‘ಎಲ್ಲ ಪಾಲಿಸಿಯಲ್ಲೂ’ ಅಂತ ಬರೆದಿರುತ್ತಾರೆ. ಬೆಂಕಿಯ ಪಾಲಿಸಿಯಲ್ಲಿ ಯಾಕೆ ಬೇಕು? ಓವನ್ ನಿಮ್ಮದು, ಸಾಲ ನಿಮ್ಮದು. ಅಲ್ಲಿ ನಿಮ್ಮ ಹೆಸರು, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇದ್ದರೆ ಸಾಕು. ಬ್ಯಾಂಕ್ ಹೆಸರಿದ್ದರೆ ಕ್ಲೇಮ್ ಹಣ ಮೊದಲು ಬ್ಯಾಂಕಿಗೇ ಹೋಗುತ್ತದೆ, ಅದೂ ತಿಳಿದಿರಲಿ.

ನಷ್ಟ ತುಂಬಿಕೊಡುವ ಮಾತೂ ಬಂತಲ್ಲ. 1872ರ ಕಾಯ್ದೆಯ 124ನೇ ಕಲಮು ಅಂಥ ಕರಾರಿಗೆ ಒಪ್ಪಿಗೆ ಕೊಡುತ್ತದೆ. ಅಗ್ರಿಮೆಂಟಿನಲ್ಲಿ ನೀವು ಒಪ್ಪಿಕೊಳ್ಳುವುದು ಬಹಳ ಅಗಲ: ಯಾವುದೇ ನಷ್ಟ, ಯಾವುದೇ ಕಾರಣ. ಪಾಲಿಸಿ ಕೊಡುವುದು ಮಾತ್ರ ಕಾನೂನಿನ ಪ್ರಕಾರ ನಿಮ್ಮ ಮೇಲೆ ಬರುವ ಹೊಣೆಗೆ. ಕರಾರು ಬರೆದು ನೀವಾಗಿಯೇ ತಲೆಗೆ ಹಾಕಿಕೊಂಡ ಹೆಚ್ಚಿನ ಹೊಣೆಯನ್ನು ಪಾಲಿಸಿ ಸಾಮಾನ್ಯವಾಗಿ ಹೊರಗಿಡುತ್ತದೆ. ಈ ನಡುವಿನ ಕಂದಕ ಯಾರಿಗೂ ಕಾಣುವುದಿಲ್ಲ. ‘ನನ್ನ ತಪ್ಪಿನಿಂದ ಆದ ನಷ್ಟ’ ಅಂತ ಆ ಸಾಲನ್ನು ಬಿಗಿ ಮಾಡಿಸಿ. ಅವರು ಕಳಿಸಿದ ಹಿಟ್ಟಿನಲ್ಲೇ ದೋಷವಿದ್ದರೆ ಅವರು ನಿಮಗೆ ತುಂಬಿಕೊಡಬೇಕು ಅಂತಲೂ ಬರೆಸಿ.

ಕೆಲಸದವರ ಮಾತು. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮಾ ಯೋಜನೆ, ಬರುತ್ತದೆ. ತಿಂಗಳಿಗೆ 21,000ದವರೆಗೆ ಪಗಾರ ಇರುವವರಿಗೆ ಅನ್ವಯ. ಮಾಲೀಕರು ನೂರಕ್ಕೆ 3.25, ಕೆಲಸಗಾರರು 0.75. ಅದಕ್ಕಿಂತ ಕಡಿಮೆ ಜನ ಇದ್ದರೆ ಹೊಣೆ ಇಲ್ಲ ಅಂತ ತಿಳಿಯಬೇಡಿ. 1923ರಿಂದ ಬಂದ ಕಾರ್ಮಿಕ ಪರಿಹಾರದ ಕಾಯ್ದೆ ಇದೆ, ಅದೀಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಇಎಸ್‌ಐ ಇಲ್ಲದ ಕಡೆ ಕೆಲಸದ ಹೊತ್ತಿನಲ್ಲಿ ಅಪಘಾತವಾದರೆ ಮಾಲೀಕರೇ ಪರಿಹಾರ ಕೊಡಬೇಕು. ಎಷ್ಟು? 25 ವರ್ಷದ ಹುಡುಗ, ಪಗಾರ 12,000. ಜೀವ ಹೋದರೆ ಪಗಾರದ ಅರ್ಧ, ಅಂದರೆ 6,000ವನ್ನು ಆ ವಯಸ್ಸಿಗೆ ಗೊತ್ತುಪಡಿಸಿದ 216.91ರಿಂದ ಗುಣಿಸಬೇಕು. 13,01,460 ರೂಪಾಯಿ. ಅಷ್ಟು ಹಣ ಒಮ್ಮೆಲೇ ಕೊಡುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ? ಎಂಪ್ಲಾಯೀಸ್ ಕಾಂಪೆನ್ಸೇಶನ್ ಪಾಲಿಸಿ ಇರುವುದು ಇದಕ್ಕೇ. ಅದರಲ್ಲಿ ಎಲ್ಲರ ಪಗಾರ ನಿಜವಾದದ್ದೇ ಬರೆಸಿ.

ಡೆಲಿವರಿ ಹುಡುಗರನ್ನು ಮರೆಯಬೇಡಿ. ವಿದ್ಯಾನಗರದಿಂದ ನವನಗರಕ್ಕೆ ಪಾರ್ಸೆಲ್ ಹಿಡಿದು ಓಡುವವರು ಅವರೇ. ಅವನ ಬೈಕಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ, ಲೈಸೆನ್ಸ್ ಇದೆಯಾ ಅಂತ ಕೆಲಸಕ್ಕೆ ಸೇರಿಸುವ ದಿನವೇ ನೋಡಿ. ಮನೆ ಬಳಕೆಯ ಪಾಲಿಸಿ ಇರುವ ಗಾಡಿಯನ್ನು ವ್ಯಾಪಾರಕ್ಕೆ ಬಳಸಿದರೆ ಕ್ಲೇಮ್ ಹೊತ್ತಿಗೆ ತಕರಾರು ಏಳುತ್ತದೆ. ಇದಲ್ಲದೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ನಿಮ್ಮ ಹೊಣೆಯನ್ನು ಇದು ಇಳಿಸುವುದಿಲ್ಲ, ಆದರೆ ಅವನ ತಾಯಿಗೆ ಆಸರೆಯಾಗುತ್ತದೆ. ಖಾತೆ ಇರುವ ಬ್ಯಾಂಕಿಗೆ ನೀವೇ ಕರೆದುಕೊಂಡು ಹೋಗಿ ಫಾರ್ಮ್ ತುಂಬಿಸಿ.

ಕರ್ನಾಟಕದಲ್ಲಿ ಇನ್ನೊಂದಿದೆ. 2024ರ ಜನವರಿ 10ರಿಂದ ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟಿಗೆ, ಕಡ್ಡಾಯ ವಿಮೆಯ ನಿಯಮ ಬಂದಿದೆ. ಗ್ರಾಚ್ಯುಟಿ ಅನ್ವಯವಾಗುವುದು 10 ಜನರಿಂದ. ಎರಡು ಮೂರು ಔಟ್‌ಲೆಟ್ ನಡೆಸುವವರು ಎಲ್ಲ ಸೇರಿಸಿ ತಲೆ ಎಣಿಸಿ, ನಿಮ್ಮ ಆಡಿಟರ್ ಹತ್ತಿರ ಇವತ್ತೇ ಕೇಳಿ. ಬೇರೆ ರಾಜ್ಯದ ಬ್ರ್ಯಾಂಡ್ ಕಂಪನಿಯ ಅಗ್ರಿಮೆಂಟಿನಲ್ಲಿ ಇದು ಇರುವುದೇ ಇಲ್ಲ.

ನಷ್ಟವಾದ ದಿನ ಏನು ಮಾಡಬೇಕು? ಮೊದಲು ಜನರನ್ನು ಹೊರಗೆ ತನ್ನಿ. ಆಮೇಲೆ ವಿಮಾ ಕಂಪನಿಗೆ ಫೋನ್ ಮತ್ತು ಮೇಲ್, ಎರಡೂ. ಅಗ್ನಿಶಾಮಕದವರ ವರದಿ, ಪೊಲೀಸ್ ದೂರಿನ ಪ್ರತಿ ತಗೊಳ್ಳಿ. ಸರ್ವೇಯರ್ ನೋಡುವ ಮೊದಲು ಸುಟ್ಟ ಸಾಮಾನು ಎಸೆಯಬೇಡಿ. ನಮ್ಮ ಕಡೆ ಬೆಂಕಿಯ ಬೂದಿ ಮನೆ ಮುಂದೆ ಇರಬಾರದು ಅಂತ ಹಿರಿಯರು ಬೆಳಗಾಗುವುದರೊಳಗೆ ತೊಳೆಸಿಬಿಡುತ್ತಾರೆ. ಅವರ ನೋವು ಅರ್ಥವಾಗುತ್ತದೆ, ಆದರೆ ಒಂದೆರಡು ದಿನ ತಡೆಯಿರಿ. ಬೂದಿಯೇ ನನಗೆ ಸಾಕ್ಷಿ. ಗಿರಾಕಿಗೆ ಪೆಟ್ಟಾಗಿದ್ದರೆ ಆಸ್ಪತ್ರೆಗೆ ಒಯ್ಯಿರಿ, ಜೊತೆಗಿರಿ, ಮನುಷ್ಯರಾಗಿ ಮಾಡುವುದೆಲ್ಲ ಮಾಡಿ. ಆದರೆ ‘ತಪ್ಪೆಲ್ಲ ನಮ್ಮದೇ, ಇಷ್ಟು ಕೊಡುತ್ತೇವೆ’ ಅಂತ ವಿಮಾ ಕಂಪನಿಯನ್ನು ಕೇಳದೆ ಬರೆದುಕೊಡಬೇಡಿ.

ಲೆಕ್ಕದ ಪುಸ್ತಕದ ಬಗ್ಗೆ ಒಂದು ಹಳೆಯ ನೆನಪು. ನಮ್ಮ ಅಜ್ಜನ ಅಂಗಡಿಯಲ್ಲಿ ದೀಪಾವಳಿ ಪಾಡ್ಯದ ದಿನ ಹೊಸ ಕಿರ್ದಿಗೆ ಪೂಜೆ ಮಾಡುತ್ತಿದ್ದರು. ಹಳೆ ಕಿರ್ದಿಗಳನ್ನು ಅಂಗಡಿಯಲ್ಲಿ ಇಡುತ್ತಿರಲಿಲ್ಲ, ಮನೆಯ ಅಟ್ಟದ ಮೇಲೆ ಇಡುತ್ತಿದ್ದರು. ಯಾಕೆ ಅಂತ ಆಗ ನನಗೆ ತಿಳಿದಿರಲಿಲ್ಲ. ಅಂಗಡಿಯೂ ಲೆಕ್ಕವೂ ಒಟ್ಟಿಗೆ ಸುಡಬಾರದು. ಈಗ ನಿಮ್ಮ ಬಿಲ್ಲಿಂಗ್ ಎಲ್ಲ ಬ್ರ್ಯಾಂಡ್ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಅದು ಒಳ್ಳೆಯದೇ, ಎಷ್ಟು ಖರೀದಿ, ಎಷ್ಟು ಮಾರಾಟ ಅಂತ ಸಾಬೀತು ಮಾಡಲು ಅಷ್ಟು ಗಟ್ಟಿ ಸಾಕ್ಷಿ ಹಳೆ ಅಂಗಡಿಯವರಿಗೆ ಸಿಗುವುದಿಲ್ಲ. ಆದರೆ ಅವರ ಜೊತೆ ಜಗಳವಾಗಿ ಲಾಗಿನ್ ಮುಚ್ಚಿದರೆ? ತಿಂಗಳಿಗೊಮ್ಮೆ ವರದಿ ಇಳಿಸಿಕೊಂಡು ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ. ಇಂಟೀರಿಯರ್ ಬಿಲ್ಲುಗಳ ಫೋಟೋ ಕೂಡ.

ಕ್ಲೇಮ್ ತಿರಸ್ಕರಿಸಿದರೆ, ಅಥವಾ ನ್ಯಾಯವಾಗಿ ಬರಬೇಕಾದದ್ದಕ್ಕಿಂತ ಕಡಿಮೆ ಕೊಟ್ಟರೆ, ಸುಮ್ನೆ ಕೂರಬೇಡಿ. ಮೊದಲು ವಿಮಾ ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಅನಿಸದಿದ್ದರೆ ವಿಮಾ ಲೋಕಪಾಲರಿದ್ದಾರೆ. ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಒಬ್ಬರೇ ಮಾಲೀಕರಿರುವ ಅಂಗಡಿಗಳು, ಸೂಕ್ಷ್ಮ ಉದ್ಯಮಗಳು ಅಲ್ಲಿಗೆ ಹೋಗಬಹುದು. ಫೀ ಇಲ್ಲ, ವಕೀಲರು ಬೇಕಾಗಿಲ್ಲ. 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಒಂದು ವರ್ಷದೊಳಗೆ ಹೋಗಬೇಕು.

ಹಿಂದಿನ ಸಾಲಿನಿಂದ ಒಬ್ಬ ಅಕ್ಕಾರು ಚೀಟಿ ಕಳಿಸಿದ್ದಾರೆ. ಅವರದು ಕೇಶ್ವಾಪುರದಲ್ಲಿ ಮಕ್ಕಳ ಪ್ಲೇ ಸ್ಕೂಲ್ ಫ್ರಾಂಚೈಸಿ. ‘ಪಾಲಿಸಿ ನನ್ನ ಹೆಸರಿನಾಗ ಐತಿ, ಅಗ್ರಿಮೆಂಟ್ ನಮ್ಮ ಮನೆಯವರ ಹೆಸರಿನಾಗ ಐತಿ. ನಡೀತೈತೇನ್ರಿ?’ ಅಂತ ಕೇಳಿದ್ದಾರೆ. ಇಲ್ಲ ಅಕ್ಕಾರ, ಅದನ್ನು ಈ ವಾರವೇ ಸರಿ ಮಾಡಿಸಿ. ಅಗ್ರಿಮೆಂಟ್, ಬಾಡಿಗೆ ಕರಾರು, ಜಿಎಸ್‌ಟಿ, ಬ್ಯಾಂಕ್ ಖಾತೆ, ಪಾಲಿಸಿ, ಐದರಲ್ಲೂ ಒಂದೇ ಹೆಸರು, ಒಂದೇ ವಿಳಾಸ ಇರಬೇಕು. ಬೇರೆ ಇದ್ದರೆ ಯಾರಿಗೆ ನಷ್ಟವಾಯಿತು ಅನ್ನುವುದೇ ಮೊದಲ ಪ್ರಶ್ನೆಯಾಗುತ್ತದೆ. ವಿಮಾ ಕಂಪನಿಗೆ ಒಂದು ಪತ್ರ ಕೊಟ್ಟರೆ ಪಾಲಿಸಿಯಲ್ಲಿ ತಿದ್ದುಪಡಿ ಸೇರಿಸಿಕೊಡುತ್ತಾರೆ. ಬರುವಾಗ ನಿಮ್ಮ ಪುಟ ತಂದಿದ್ದೀರಲ್ಲ, ಮುಂದೆ ಬನ್ನಿ, ನಿಮ್ಮದನ್ನೇ ಮೊದಲು ಓದೋಣ. ಉಳಿದವರೂ ತಂದಿದ್ದರೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತುಕೊಳ್ಳಿ.